ಮಾಸಾಶನದ ಆಚೆಯ ಬದುಕು: ಅಂಗವಿಕಲರ ಆಪ್ತತೆಯ ಹಕ್ಕು ಮತ್ತು ಸರ್ಕಾರದ ಹಣ

ಬಾಗಲಕೋಟೆಯ ನವನಗರದಲ್ಲಿ ಪುನರ್ವಸತಿ ಕಾರ್ಯಕರ್ತರು, ಪಾಲಕರು ಮತ್ತು ಅಂಗವಿಕಲ ಸ್ನೇಹಿತರ ಎದುರು ನೀಡಿದ ಉಪನ್ಯಾಸದ ಬರಹ ರೂಪ

ಹಿರಿಯರೇ, ತಾಯಂದಿರೇ, ಬೇರೆ ಬೇರೆ ತಾಲ್ಲೂಕುಗಳಿಂದ ಬಂದಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೇ,

ಅಂಗವಿಕಲರಿಗಾಗಿ ಸರ್ಕಾರ ಮಾಡುವ ವೆಚ್ಚದ ಬಾಬತ್ತುಗಳು ನಿಮಗೆ ಬಾಯಿಪಾಠವಾಗಿವೆ. ಮಾಸಾಶನ, ತ್ರಿಚಕ್ರ ವಾಹನ, ಶ್ರವಣ ಸಾಧನ, ಕೃತಕ ಕಾಲು, ಬಸ್ ಪಾಸು, ವಿದ್ಯಾರ್ಥಿವೇತನ, ಸ್ವಂತ ಉದ್ಯೋಗಕ್ಕೆ ಸಾಲ. ಉಣ್ಣುವ, ಓಡಾಡುವ, ಓದುವ, ದುಡಿಯುವ ದೇಹಕ್ಕೆ ಏನು ಬೇಕು ಎಂಬುದನ್ನು ಈ ಬಾಬತ್ತುಗಳು ಅರೆಬರೆಯಾಗಿಯಾದರೂ ಗುರುತಿಸಿವೆ. ಅದೇ ದೇಹಕ್ಕೆ ಇನ್ನೊಬ್ಬರ ಸಾಮೀಪ್ಯ ಬೇಕಾಗುತ್ತದೆ, ಪ್ರೀತಿ ಬೇಕಾಗುತ್ತದೆ, ಕಾಮವಿರುತ್ತದೆ, ಮಕ್ಕಳನ್ನು ಪಡೆಯುವ ಇಲ್ಲವೇ ಬೇಡವೆನ್ನುವ ಇಚ್ಛೆ ಇರುತ್ತದೆ ಎಂಬುದು ಮಾತ್ರ ಈ ಪಟ್ಟಿಯಲ್ಲಿ ಕಾಣುವುದಿಲ್ಲ. ಇದು ಮನೆಯವರು ನೋಡಿಕೊಳ್ಳುವ ವಿಷಯ, ಸರ್ಕಾರಕ್ಕೂ ಇದಕ್ಕೂ ಏನು ಸಂಬಂಧ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಸಂಬಂಧ ಇದೆ, ಅದು ಕಾನೂನಿನ ಮತ್ತು ಹಣದ ಸಂಬಂಧ ಎಂಬುದನ್ನು ಇಂದು ನಿಮ್ಮೆದುರು ಬಿಡಿಸಿ ಹೇಳಲು ಬಂದಿದ್ದೇನೆ.

ಮೊದಲು ಕಾನೂನನ್ನು ನೋಡೋಣ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆ 2006ರ ಡಿಸೆಂಬರ್‌ನಲ್ಲಿ ಅಂಗೀಕಾರವಾಯಿತು. ಭಾರತ ಅದನ್ನು 2007ರ ಅಕ್ಟೋಬರ್‌ನಲ್ಲಿ ಅನುಮೋದಿಸಿತು. ಅದರ 23ನೇ ವಿಧಿ, ಮದುವೆಯ ವಯಸ್ಸಿಗೆ ಬಂದ ಎಲ್ಲ ಅಂಗವಿಕಲರಿಗೂ ತಮ್ಮ ಒಪ್ಪಿಗೆಯಿಂದ ಮದುವೆಯಾಗುವ, ಕುಟುಂಬ ಕಟ್ಟಿಕೊಳ್ಳುವ, ಎಷ್ಟು ಮಕ್ಕಳು ಬೇಕು, ಯಾವಾಗ ಬೇಕು ಎಂದು ತಾವೇ ತೀರ್ಮಾನಿಸುವ ಹಕ್ಕಿದೆ ಎನ್ನುತ್ತದೆ. 25ನೇ ವಿಧಿ ಲೈಂಗಿಕ ಮತ್ತು ಸಂತಾನ ಸಂಬಂಧಿ ಆರೋಗ್ಯ ಸೇವೆಯನ್ನು ಹೆಸರೆತ್ತಿ ಹೇಳುತ್ತದೆ. ಈ ಒಡಂಬಡಿಕೆಗೆ ಅನುಗುಣವಾಗಿ ಬಂದದ್ದೇ ನಮ್ಮ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ. ಅದರ 10ನೇ ಸೆಕ್ಷನ್ ಪ್ರಕಾರ ಸಂತಾನ ಮತ್ತು ಕುಟುಂಬ ಯೋಜನೆಯ ಮಾಹಿತಿಯನ್ನು ಅಂಗವಿಕಲರಿಗೆ ತಲುಪಿಸುವುದು ಸರ್ಕಾರದ ಹೊಣೆ. ವ್ಯಕ್ತಿಯ ಮುಕ್ತವಾದ, ತಿಳಿದು ಕೊಟ್ಟ ಒಪ್ಪಿಗೆ ಇಲ್ಲದೆ ಸಂತಾನ ಶಕ್ತಿಯನ್ನು ಇಲ್ಲವಾಗಿಸುವ ಯಾವ ಚಿಕಿತ್ಸೆಯನ್ನೂ ಮಾಡುವಂತಿಲ್ಲ. 25ನೇ ಸೆಕ್ಷನ್, ವಿಶೇಷವಾಗಿ ಅಂಗವಿಕಲ ಮಹಿಳೆಯರಿಗೆ, ಲೈಂಗಿಕ ಮತ್ತು ಸಂತಾನ ಸಂಬಂಧಿ ಆರೋಗ್ಯ ಸೇವೆ ಸಿಗಬೇಕೆನ್ನುತ್ತದೆ. 5ನೇ ಸೆಕ್ಷನ್ ಎಲ್ಲಿ, ಯಾರೊಂದಿಗೆ ಬದುಕಬೇಕೆಂಬ ವಿಷಯದಲ್ಲಿ ಒತ್ತಾಯ ಕೂಡದು ಎನ್ನುತ್ತದೆ, ಮತ್ತು ವಯಸ್ಸು ಹಾಗೂ ಲಿಂಗವನ್ನು ಗಮನದಲ್ಲಿಟ್ಟುಕೊಂಡು ವೈಯಕ್ತಿಕ ಸಹಾಯಕರ ನೆರವು ದೊರೆಯಬೇಕೆನ್ನುತ್ತದೆ. ಇದರ ಜೊತೆಗೆ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಸುಪ್ರೀಂ ಕೋರ್ಟಿನ 2017ರ ತೀರ್ಪನ್ನು ಸೇರಿಸಿ ಓದಿದರೆ, ಅಂಗವಿಕಲರ ಆಪ್ತ ಬದುಕು ಈ ದೇಶದ ಕಾನೂನಿನೊಳಗೆ ಈಗಾಗಲೇ ಇದೆ ಎಂಬುದು ಸ್ಪಷ್ಟವಾಗುತ್ತದೆ. ಬಜೆಟ್ಟಿನೊಳಗೆ ಅದು ಇನ್ನೂ ಬಂದಿಲ್ಲ.

ಬಜೆಟ್ಟಿನ ಸ್ಥಿತಿ ಹೇಗಿದೆ? ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿ ಯೋಜನೆಯಲ್ಲಿ ಕೇಂದ್ರ ಸರ್ಕಾರದ ಪಾಲು, ಬಡತನ ರೇಖೆಗಿಂತ ಕೆಳಗಿರುವ ಮತ್ತು ಶೇ 80 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವ ವಯಸ್ಕರಿಗೆ, ತಿಂಗಳಿಗೆ ₹300. ಈ ಮೊತ್ತ 2012ರಲ್ಲಿ ನಿಗದಿಯಾದದ್ದು. ರಾಜ್ಯ ಸರ್ಕಾರ ತನ್ನ ಪಾಲನ್ನು ಸೇರಿಸುತ್ತದೆ, ನಿಜ. ಆದರೂ ಆ ಹಣದಲ್ಲಿ ಒಬ್ಬ ವಯಸ್ಕ ವ್ಯಕ್ತಿ ತಂದೆ-ತಾಯಿಯ ಆಸರೆ ಬಿಟ್ಟು ಒಂದು ಕೋಣೆಯನ್ನು ಬಾಡಿಗೆಗೆ ಹಿಡಿಯುವುದು ಇಳಕಲ್ಲಿನಲ್ಲಾಗಲಿ ಮುಧೋಳದಲ್ಲಾಗಲಿ ಸಾಧ್ಯವಿಲ್ಲ. 2016ರ ಕಾಯ್ದೆಯ 24ನೇ ಸೆಕ್ಷನ್ ಅಂಗವಿಕಲರಿಗೆ ಕೊಡುವ ಸಾಮಾಜಿಕ ಭದ್ರತೆಯ ಮೊತ್ತ ಇತರರಿಗೆ ಕೊಡುವ ಅಂಥದೇ ಯೋಜನೆಗಳ ಮೊತ್ತಕ್ಕಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕೆಂದು ಹೇಳುತ್ತದೆ. ಅದೇ ಸೆಕ್ಷನ್ ಸರ್ಕಾರದ ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂಬ ಮಾತನ್ನೂ ಸೇರಿಸಿಕೊಂಡಿರುವುದರಿಂದ, ಹಕ್ಕನ್ನು ಕೇಳಲು ಹೋದವರಿಗೆ ಮಿತಿಯ ಉತ್ತರವೇ ಸಿಗುತ್ತದೆ.

ನಮ್ಮ ರಾಜ್ಯದ ಹಣ ಅಂಗವಿಕಲರ ಸಾಂಗತ್ಯದ ಹತ್ತಿರ ಬರುವುದು ಮುಖ್ಯವಾಗಿ ಎರಡು ಕಡೆ. ಒಂದು, ಅಂಧ ತಾಯಂದಿರಿಗೆ ಮಗುವಿನ ಎಳವೆಯಲ್ಲಿ ತಿಂಗಳಿಗೆ ₹2,000 ಕೊಡುವ ಶಿಶುಪಾಲನಾ ಭತ್ಯೆ. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಕಣ್ಣು ಕಾಣದ ಹೆಣ್ಣುಮಗಳೂ ತಾಯಿಯಾಗುತ್ತಾಳೆ, ಅವಳಿಗೆ ಬೇಕಾದದ್ದು ಮಗುವನ್ನು ಬೆಳೆಸಲು ನೆರವು ಎಂಬ ತಿಳುವಳಿಕೆ ಅದರ ಹಿಂದಿದೆ, ಮತ್ತು ಹಣ ನೇರವಾಗಿ ಅವಳಿಗೇ ಸೇರುತ್ತದೆ. ಕೈಕಾಲುಗಳ ವೈಕಲ್ಯವಿರುವ ತಾಯಂದಿರಿಗೆ, ಕಿವುಡ ತಾಯಂದಿರಿಗೆ ಇದನ್ನು ಏಕೆ ವಿಸ್ತರಿಸಬಾರದು ಎಂದು ಕೇಳುವ ಕೆಲಸವನ್ನು ನಾವು ಮಾಡಬೇಕು.

ಇನ್ನೊಂದು, ಅಂಗವಿಕಲರನ್ನು ಮದುವೆಯಾಗುವ ಅಂಗವಿಕಲರಲ್ಲದ ವ್ಯಕ್ತಿಗೆ ಕೊಡುವ ₹50,000 ಪ್ರೋತ್ಸಾಹಧನ. ಇದರ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಈ ಹಣದಿಂದ ಸಂಸಾರ ಹೂಡಿದವರು, ಚಿಕ್ಕ ಅಂಗಡಿ ಹಾಕಿಕೊಂಡವರು ಇರಬಹುದು. ಅವರ ದಾಂಪತ್ಯವನ್ನು ನಾನು ಕಿಂಚಿತ್ತೂ ಕೀಳಾಗಿ ಕಾಣುವುದಿಲ್ಲ. ಆದರೆ ಯೋಜನೆಯ ತರ್ಕವೇನು? ಅಂಗವಿಕಲ ವ್ಯಕ್ತಿಯ ಕೈಹಿಡಿಯುವುದು ಒಂದು ತ್ಯಾಗ, ಆ ತ್ಯಾಗಕ್ಕೆ ಸರ್ಕಾರ ಒಂದು ಬೆಲೆ ಕಟ್ಟಿ ಕೊಡುತ್ತದೆ ಎಂದಲ್ಲವೇ? ವರದಕ್ಷಿಣೆಯನ್ನು 1961ರಲ್ಲೇ ನಿಷೇಧಿಸಿದ ದೇಶದಲ್ಲಿ, ಅಂಗವಿಕಲ ಹೆಣ್ಣುಮಗಳ ಪಾಲಿಗೆ ಸರ್ಕಾರವೇ ಗಂಡಿನ ಕಡೆಗೆ ಹಣ ಕೊಡುವಂತಾದರೆ, ನಾಳೆ ಅತ್ತೆಮನೆಯಲ್ಲಿ ಅವಳು ಯಾವ ನೆಲೆಯಲ್ಲಿ ನಿಂತು ಮಾತಾಡಬೇಕು? ಅದೇ ₹50,000 ಅವಳ ಹೆಸರಿಗೆ, ಅವಳು ಮದುವೆಯಾದರೂ ಆಗದಿದ್ದರೂ, ಸ್ವತಂತ್ರವಾಗಿ ಬದುಕು ಆರಂಭಿಸಲು ಸಿಗುವ ನೆರವಾಗಿ ಬಂದಿದ್ದರೆ, ಅವಳನ್ನು ಕೈಹಿಡಿಯುವವನು ಅವಳನ್ನೇ ನೋಡಿ ಬರುತ್ತಿದ್ದ. ಮದುವೆಯೇ ಬೇಡವೆನ್ನುವ ಅಂಗವಿಕಲರೂ ಇದ್ದಾರೆ, ಈ ಯೋಜನೆಯಲ್ಲಿ ಅವರ ಬದುಕಿಗೆ ಲೆಕ್ಕವೇ ಇಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರು ಬಿಟ್ಟುಕೊಟ್ಟು ಬಂದು ಇಲ್ಲಿ ಮನೆ ಕಟ್ಟಿಕೊಂಡ ನಿಮಗೆ, ಸರ್ಕಾರ ಹಣ ಹಂಚುವಾಗ ಯಾರ ಹೆಸರಿಗೆ ಹಂಚುತ್ತದೆ, ಯಾರನ್ನು ಕುಟುಂಬವೆಂದು ಎಣಿಸುತ್ತದೆ ಎಂಬುದರ ಮಹತ್ವವನ್ನು ನಾನು ಹೇಳಿಕೊಡಬೇಕಾಗಿಲ್ಲ.

ಹೊರದೇಶಗಳಲ್ಲಿ ಈ ಚರ್ಚೆ ಇನ್ನೂ ಮುಂದಕ್ಕೆ ಹೋಗಿದೆ. ಆಸ್ಟ್ರೇಲಿಯಾದಲ್ಲಿ 2013ರ ಕಾಯ್ದೆಯಿಂದ ರಾಷ್ಟ್ರೀಯ ಅಂಗವೈಕಲ್ಯ ವಿಮಾ ಯೋಜನೆ ಜಾರಿಗೆ ಬಂತು. ಅಲ್ಲಿ ಪ್ರತಿಯೊಬ್ಬ ಫಲಾನುಭವಿಯ ಅಗತ್ಯಗಳನ್ನು ಬೇರೆ ಬೇರೆಯಾಗಿ ಅಳೆದು, ‘ನ್ಯಾಯಯುತ ಮತ್ತು ಅಗತ್ಯ’ ಎನ್ನಿಸಿದ ನೆರವಿಗೆ ಹಣ ಕೊಡುತ್ತಾರೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಯಿಂದ ದೇಹದ ಚಲನೆ ಬಹಳ ಮಟ್ಟಿಗೆ ಕುಂದಿದ್ದ, ನಲವತ್ತು ದಾಟಿದ ಮಹಿಳೆಯೊಬ್ಬರು ತರಬೇತಿ ಪಡೆದ ಲೈಂಗಿಕ ಚಿಕಿತ್ಸಕರ ಸೇವೆಗೆ ಈ ಯೋಜನೆಯಿಂದ ಹಣ ಬೇಕೆಂದು ಕೇಳಿದರು. ಯೋಜನೆಯ ಸಂಸ್ಥೆ ನಿರಾಕರಿಸಿತು. ಆಕೆ ಹಿಂದೆ ಸರಿಯಲಿಲ್ಲ. 2019ರಲ್ಲಿ ಆಡಳಿತ ನ್ಯಾಯಮಂಡಳಿ ಆಕೆಯ ಪರವಾಗಿ ತೀರ್ಪು ಕೊಟ್ಟಿತು. ಸಂಸ್ಥೆ ಮೇಲ್ಮನವಿ ಹೋದಾಗ 2020ರ ಮೇ ತಿಂಗಳಿನಲ್ಲಿ ಫೆಡರಲ್ ನ್ಯಾಯಾಲಯದ ಪೂರ್ಣ ಪೀಠವೂ ಅದನ್ನು ಎತ್ತಿಹಿಡಿಯಿತು. ಇಂಥ ಸೇವೆ ಕಾನೂನಿನಲ್ಲಿ ಸ್ಪಷ್ಟವಾಗಿ ಹೊರಗಿಡಲ್ಪಟ್ಟಿಲ್ಲವಾದ್ದರಿಂದ, ಸಮಾಜದ ಅಭಿರುಚಿಗೆ ಒಗ್ಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕಲಾಗದು ಎಂಬುದು ಆ ಪ್ರಕರಣದಿಂದ ಹೊರಬಿದ್ದ ಮುಖ್ಯ ಅಂಶ. ಸರ್ಕಾರ ಅಷ್ಟಕ್ಕೆ ಸುಮ್ಮನಾಗಲಿಲ್ಲ. 2024ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಅದೇ ವರ್ಷದ ಅಕ್ಟೋಬರ್‌ನಿಂದ ಲೈಂಗಿಕ ಸೇವೆಗಳನ್ನು ಯೋಜನೆಯ ವ್ಯಾಪ್ತಿಯಿಂದಲೇ ಹೊರಗಿಟ್ಟಿತು. ಇಂಗ್ಲೆಂಡಿನಲ್ಲೂ 2021ರಲ್ಲಿ ಮೇಲ್ಮನವಿ ನ್ಯಾಯಾಲಯ, ಆರೈಕೆಯ ಸಿಬ್ಬಂದಿ ಅಂಗವಿಕಲ ಯುವಕನೊಬ್ಬನಿಗೆ ಲೈಂಗಿಕ ಕಾರ್ಯಕರ್ತೆಯ ಸೇವೆಯನ್ನು ಗೊತ್ತುಮಾಡಿಕೊಟ್ಟರೆ ಅದು ಅಲ್ಲಿನ 2003ರ ಲೈಂಗಿಕ ಅಪರಾಧಗಳ ಕಾಯ್ದೆಯಡಿ ಅಪರಾಧವಾಗುತ್ತದೆ ಎಂದಿತು.

ಈ ಕಥೆಯನ್ನು ಕೇಳಿದವರು, ಹಾಗಾದರೆ ನಮ್ಮ ಸರ್ಕಾರವೂ ಅದನ್ನೇ ಕೊಡಬೇಕೆನ್ನುತ್ತೀರಾ ಎಂದು ಕೇಳುತ್ತಾರೆ. ನನ್ನ ಉತ್ತರ, ಇಲ್ಲ. ಅದಕ್ಕೆ ಕಾರಣ ಅಂಗವಿಕಲರ ಬಯಕೆಯ ಬಗ್ಗೆ ನನಗಿರುವ ಸಂಕೋಚವಲ್ಲ. ನಾವು ನಿಂತಿರುವ ನೆಲದ ಚರಿತ್ರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಬಡವರ, ಅದರಲ್ಲೂ ದಲಿತರ ಹೆಣ್ಣುಮಕ್ಕಳಿಗೆ ದೇವರ ಹೆಸರಿನಲ್ಲಿ ಮುತ್ತು ಕಟ್ಟಿ, ಅವರ ದೇಹವನ್ನು ಇತರರ ಬಯಕೆಗೆ ಒಪ್ಪಿಸಿದ ಪದ್ಧತಿ ತಲೆಮಾರುಗಳ ಕಾಲ ನಡೆಯಿತು. ಅದನ್ನು ತಡೆಯಲು ಕರ್ನಾಟಕ 1982ರಲ್ಲಿ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಮಾಡಬೇಕಾಯಿತು. ಒಬ್ಬರ ಅಗತ್ಯವನ್ನು ಪೂರೈಸಲು ಇನ್ನೊಬ್ಬ ಬಡ ಹೆಣ್ಣುಮಗಳನ್ನು ಗೊತ್ತುಮಾಡುವ ವ್ಯವಸ್ಥೆ ಎಷ್ಟೇ ಒಳ್ಳೆಯ ಉದ್ದೇಶದಿಂದ ಆರಂಭವಾದರೂ ಇಲ್ಲಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಆಸ್ಟ್ರೇಲಿಯಾದ ಆ ಮಹಿಳೆಯ ಹೋರಾಟದಿಂದ ನಾನು ತೆಗೆದುಕೊಳ್ಳುವುದು ಆಕೆ ಕೇಳಿದ ಸೇವೆಯನ್ನಲ್ಲ, ಆಕೆ ಮಂಡಿಸಿದ ವಾದವನ್ನು: ನನ್ನ ಆಪ್ತ ಬದುಕಿಗೆ ಅಡ್ಡಿಯಾಗಿರುವುದು ನನ್ನ ಅಂಗವೈಕಲ್ಯವಾದರೆ, ಆ ಅಡ್ಡಿಯನ್ನು ಕಡಿಮೆ ಮಾಡುವ ವೆಚ್ಚವೂ ಅಂಗವೈಕಲ್ಯದ ವೆಚ್ಚವೇ. ಸಂಗಾತಿಯನ್ನು ಸರ್ಕಾರ ಒದಗಿಸಲಾರದು, ಒದಗಿಸಲೂಬಾರದು. ಸಂಗಾತಿಯನ್ನು ಹುಡುಕಿಕೊಳ್ಳಲು, ಸಂಗಾತಿಯೊಂದಿಗೆ ಬಾಳಲು ಬೇಕಾದ ಪರಿಸ್ಥಿತಿಯನ್ನು ಒದಗಿಸುವುದು ಅದರ ಕರ್ತವ್ಯ.

ಆ ಪರಿಸ್ಥಿತಿ ಎಂದರೇನು ಎಂಬುದನ್ನು ಬೆನ್ನುಹುರಿಗೆ ಪೆಟ್ಟಾದವರ ಉದಾಹರಣೆಯಿಂದ ವಿವರಿಸುತ್ತೇನೆ, ಏಕೆಂದರೆ ನಮ್ಮ ಭಾಗದಲ್ಲಿ ಟ್ರ್ಯಾಕ್ಟರ್ ಮಗುಚಿ, ಮರದಿಂದ ಬಿದ್ದು, ಕಟ್ಟಡದ ಕೆಲಸದಲ್ಲಿ ಜಾರಿ ಹೀಗೆ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಯುವಕರು ಬಹಳ ಊರುಗಳಲ್ಲಿದ್ದಾರೆ. ಮದುವೆಯಾಗಿ ಒಂದೆರಡು ವರ್ಷವಾಗಿರುವಾಗ ಪೆಟ್ಟಾದವರೂ ಇದ್ದಾರೆ. ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಹಾಸಿಗೆ ಹುಣ್ಣು ಆಗದಂತೆ ಮಗ್ಗುಲು ಬದಲಿಸುವುದು, ಮೂತ್ರದ ನಳಿಕೆಯನ್ನು ಶುಚಿಯಾಗಿಡುವುದು ಇಷ್ಟನ್ನು ಹೇಳಿಕೊಡುತ್ತಾರೆ. ಗಂಡ-ಹೆಂಡತಿಯ ಸಂಬಂಧ ಇನ್ನು ಮುಂದೆ ಹೇಗೆ ಎಂದು ಅವರಾಗಿ ಯಾರೂ ಹೇಳುವುದಿಲ್ಲ, ಕೇಳಲು ಇವರಿಗೆ ಬಾಯಿ ಬರುವುದಿಲ್ಲ. ಎಲ್ಲವೂ ಮುಗಿಯಿತೆಂದು ಇಬ್ಬರೂ ತಮ್ಮೊಳಗೇ ತೀರ್ಮಾನಿಸಿಕೊಳ್ಳುತ್ತಾರೆ. ವೈದ್ಯಶಾಸ್ತ್ರ ಹೇಳುವುದು ಬೇರೆ. ಪೆಟ್ಟಾದ ಅನೇಕ ಪುರುಷರಲ್ಲಿ ಔಷಧಿಯ ನೆರವಿನಿಂದ ಲೈಂಗಿಕ ಸಂಪರ್ಕ ಸಾಧ್ಯವಾಗುತ್ತದೆ. ಸ್ಖಲನ ತಾನಾಗಿ ಆಗದಿದ್ದರೂ ವೀರ್ಯವನ್ನು ವೈದ್ಯಕೀಯ ವಿಧಾನಗಳಿಂದ ಪಡೆದು ತಂದೆಯಾಗುವ ದಾರಿಗಳಿವೆ. ಹೆಣ್ಣುಮಕ್ಕಳಲ್ಲಿ ಪೆಟ್ಟಾದ ಮೇಲೆ ಕೆಲವು ತಿಂಗಳು ಮುಟ್ಟು ನಿಂತರೂ ಸಾಮಾನ್ಯವಾಗಿ ಮರಳಿ ಬರುತ್ತದೆ, ಗರ್ಭ ಧರಿಸುವ ಶಕ್ತಿ ಬಹುಪಾಲು ಉಳಿದಿರುತ್ತದೆ. ಬೆನ್ನುಹುರಿಯ ಮೇಲ್ಭಾಗದಲ್ಲಿ, ಎದೆಯ ಮಟ್ಟ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ ಸಂಪರ್ಕದ ಹೊತ್ತಿನಲ್ಲಿ ಇಲ್ಲವೇ ಹೆರಿಗೆಯ ಹೊತ್ತಿನಲ್ಲಿ ರಕ್ತದೊತ್ತಡ ಥಟ್ಟನೆ ಏರುವ ಅಪಾಯವಿದೆ, ಅದನ್ನು ಮೊದಲೇ ತಿಳಿಸಿದರೆ ಜೀವ ಉಳಿಯುತ್ತದೆ. ಇಷ್ಟನ್ನು ಹೇಳಲು ದೊಡ್ಡ ಯಂತ್ರವೇನೂ ಬೇಡ. ಜಿಲ್ಲಾ ಆಸ್ಪತ್ರೆಯಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರು, ಬಾಗಿಲು ಹಾಕಿಕೊಂಡು ಮಾತಾಡಲು ಒಂದು ಕೋಣೆ, ಗಂಡ-ಹೆಂಡತಿ ಇಬ್ಬರಿಗೂ ಒಟ್ಟಿಗೆ ಸ್ವಲ್ಪ ಸಮಯ ಬೇಕು. ಇದಕ್ಕೆ ಸಂಬಳದ ಬಾಬತ್ತು ಬೇಕು, ಅದೇ ನಾನು ಹೇಳುತ್ತಿರುವ ಸಾರ್ವಜನಿಕ ವೆಚ್ಚ.

ಸ್ತ್ರೀರೋಗ ವಿಭಾಗದ ಪರೀಕ್ಷೆಯ ಮೇಜು ಎತ್ತರವಾಗಿದ್ದರೆ ಗಾಲಿಕುರ್ಚಿಯ ಹೆಣ್ಣುಮಗಳು ಅದನ್ನು ಹತ್ತಲಾರಳು. ಹೊತ್ತು ಏರಿಸಲು ವಾರ್ಡಿನ ಗಂಡಸರನ್ನು ಕರೆಯುತ್ತಾರೆಂಬ ಹೆದರಿಕೆಗೇ ಆಸ್ಪತ್ರೆಯ ಕಡೆ ಹೋಗುವುದನ್ನು ಬಿಟ್ಟವರಿದ್ದಾರೆ. ಏರಿಳಿಸುವ ಮೇಜು ಈಗ ಅಪರೂಪದ ವಸ್ತುವಲ್ಲ. ಕಿವುಡ ಸೊಸೆಗೆ ಗರ್ಭ ತಡೆಯುವ ವಂಕಿ ಹಾಕಿಸಿಕೊಳ್ಳುವ ಬಗ್ಗೆ ತಿಳಿಹೇಳುವಾಗ ಪಕ್ಕದಲ್ಲಿ ಕೂತು ಸನ್ನೆ ಮಾಡುವವಳು ಅತ್ತೆಯೇ ಆಗಿದ್ದರೆ, ಸೊಸೆಯ ಮನಸ್ಸಿನಲ್ಲಿರುವುದು ವೈದ್ಯರಿಗೆ ತಲುಪುವುದಾದರೂ ಹೇಗೆ? ಸಂಜ್ಞಾ ಭಾಷೆಯ ದುಭಾಷಿಯನ್ನು, ದೂರದಿಂದ ವಿಡಿಯೊ ಕರೆಯ ಮೂಲಕವಾದರೂ ಸರಿ, ಆಸ್ಪತ್ರೆಯ ವೆಚ್ಚದಲ್ಲಿ ಒದಗಿಸಬೇಕು. ಹದಿಹರೆಯದವರಿಗಾಗಿ ನಡೆಯುವ ಸ್ನೇಹ ಕ್ಲಿನಿಕ್‌ಗಳಲ್ಲಿ ಅಂಗವಿಕಲ ಹುಡುಗ-ಹುಡುಗಿಯರಿಗೂ ಮೈಯ ಬದಲಾವಣೆ, ಮುಟ್ಟು, ಒಪ್ಪಿಗೆ, ಬೇಡವೆನ್ನುವ ಹಕ್ಕು ಇವುಗಳ ಬಗ್ಗೆ ಬ್ರೈಲ್‌ನಲ್ಲಿ, ಸಂಜ್ಞೆಯಲ್ಲಿ, ಚಿತ್ರಗಳಲ್ಲಿ ತಿಳಿಸುವ ಏರ್ಪಾಡು ಆಗಬೇಕು. ತನ್ನ ಮೈಯ ಬಗ್ಗೆ ಮಾತೇ ಕೇಳದೆ ಬೆಳೆದ ಮಗುವನ್ನು ಕೆಡುಕರಿಂದ ಕಾಪಾಡುವುದು ಕಷ್ಟ, ಏಕೆಂದರೆ ಆಗಿದ್ದನ್ನು ಹೇಳಲು ಅದಕ್ಕೆ ಶಬ್ದಗಳೇ ಇರುವುದಿಲ್ಲ.

ಇನ್ನು ಸಹಾಯಕರ ವಿಷಯ. ಸ್ನಾನ, ಬಟ್ಟೆ, ಶೌಚ ಎಲ್ಲಕ್ಕೂ ತಾಯಿಯ ಕೈಯೇ ಬೇಕಾದ ಮೂವತ್ತರ ಮಗನಿಗೆ ಸ್ವಂತದ್ದೆನ್ನುವ ಗಳಿಗೆ ಒಂದೂ ಇರುವುದಿಲ್ಲ, ಅರವತ್ತು ದಾಟಿದ ಆ ತಾಯಿಗೂ ಇರುವುದಿಲ್ಲ. ಕೆಲವು ತೀವ್ರ ಅಂಗವೈಕಲ್ಯಗಳಲ್ಲಿ ಆರೈಕೆದಾರರಿಗೆ ತಿಂಗಳಿಗೆ ₹1,000 ಕೊಡುವ ಕ್ರಮ ನಮ್ಮ ರಾಜ್ಯದಲ್ಲಿ ಬಂದಿರುವುದು ಸ್ವಾಗತಾರ್ಹ. ಆದರೆ ಆ ಮೊತ್ತಕ್ಕೆ ಹೊರಗಿನ ಸಹಾಯಕರು ಸಿಗುವುದಿಲ್ಲವಾದ್ದರಿಂದ ಅದು ತಾಯಿಯ ದುಡಿಮೆಗೆ ಕೊಟ್ಟ ಸಣ್ಣ ಗೌರವಧನವಾಗಿಯೇ ಉಳಿಯುತ್ತದೆ. ಹೆಚ್ಚಿನ ನೆರವು ಬೇಕಾದವರಿಗೆ ಅದನ್ನು ಅಳೆದು ಕೊಡುವ ವ್ಯವಸ್ಥೆ 2016ರ ಕಾಯ್ದೆಯ 38ನೇ ಸೆಕ್ಷನ್‌ನಲ್ಲಿದೆ. ದಿನಕ್ಕೆ ಕೆಲವು ಗಂಟೆಯಾದರೂ ಸಂಬಳದ ಸಹಾಯಕರು ಬರುವಂತಾದರೆ, ಮತ್ತು ಆ ಸಹಾಯಕರನ್ನು ಆರಿಸುವ ಅಧಿಕಾರ ಅಂಗವಿಕಲ ವ್ಯಕ್ತಿಯ ಕೈಯಲ್ಲಿದ್ದರೆ, ಆ ಮಗ ಗೆಳೆಯ-ಗೆಳತಿಯರನ್ನು ಭೇಟಿಯಾಗಲು ಹೋಗಬಲ್ಲ, ತಾಯಿ ಸಂತೆಗೆ ಹೋಗಬಲ್ಲಳು. ವಸತಿ ಯೋಜನೆಗಳಲ್ಲಿ ಅಂಗವಿಕಲರಿಗೆ ಮನೆ ಮಂಜೂರಾದಾಗ ಇಳಿಜಾರು ದಾರಿಯ ಬಗ್ಗೆ ಕೇಳುವ ನಾವು, ಆ ವ್ಯಕ್ತಿ ಮಲಗುವ ಜಾಗಕ್ಕೆ ಬಾಗಿಲಿದೆಯೇ ಎಂದೂ ಕೇಳಬೇಕು. ನಡುಮನೆಯ ಮಂಚವೇ ವಾಸಸ್ಥಾನವಾದವರಿಗೆ ದಾಂಪತ್ಯ ದೂರದ ಮಾತು.

ಈಗ ಎಲ್ಲಕ್ಕಿಂತ ಕಠಿಣವಾದ ಭಾಗಕ್ಕೆ ಬರುತ್ತೇನೆ. ಬುದ್ಧಿಮಾಂದ್ಯತೆಯುಳ್ಳ ಹೆಣ್ಣುಮಕ್ಕಳ ತಾಯಂದಿರು ನನ್ನನ್ನು ಮರೆಗೆ ಕರೆದು ಕೇಳುತ್ತಾರೆ: “ಅಕೀ ಮುಟ್ಟಾದ್ರ ಅಕೀಗೇ ತಿಳಿಯಂಗಿಲ್ರಿ, ಗರ್ಭಚೀಲ ತೆಗಿಸಿಬಿಟ್ರ ಹೆಂಗ್ರಿ?” ಆ ತಾಯಿಯ ಕಣ್ಣಿನಲ್ಲಿರುವುದು ಕ್ರೌರ್ಯವಲ್ಲ, ದಣಿವು ಮತ್ತು ಭಯ. ಆದರೆ 1994ರಲ್ಲಿ ನೆರೆಯ ಮಹಾರಾಷ್ಟ್ರದಲ್ಲಿ, ಶಿರೂರಿನ ಸರ್ಕಾರಿ ವಸತಿ ಗೃಹದಲ್ಲಿದ್ದ ಬುದ್ಧಿಮಾಂದ್ಯ ಯುವತಿಯರ ಗರ್ಭಕೋಶಗಳನ್ನು ಪುಣೆಯ ಆಸ್ಪತ್ರೆಯಲ್ಲಿ ಇದೇ ಕಾರಣ ಹೇಳಿ ತೆಗೆಸಿದಾಗ ದೇಶದಾದ್ಯಂತ ಪ್ರತಿಭಟನೆ ಎದ್ದದ್ದು ಸುಮ್ಮನೆ ಅಲ್ಲ. ಗರ್ಭಕೋಶ ತೆಗೆದರೆ ಮುಟ್ಟು ನಿಲ್ಲುತ್ತದೆ, ಗರ್ಭ ಧರಿಸುವುದೂ ಇರುವುದಿಲ್ಲ. ಅತ್ಯಾಚಾರ ನಿಲ್ಲುವುದಿಲ್ಲ, ಬದಲಾಗಿ ಅದರ ಕುರುಹು ಮಾತ್ರ ಕಾಣದಂತಾಗುತ್ತದೆ. ಈಗಿನ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ಅವಳ ಒಪ್ಪಿಗೆಯಿಲ್ಲದೆ ಇದನ್ನು ಮಾಡುವಂತಿಲ್ಲ ಎಂಬುದನ್ನು ಪ್ರತಿಯೊಬ್ಬ ಕಾರ್ಯಕರ್ತರೂ ತಿಳಿದಿರಬೇಕು. ಹಾಗೆಂದು ತಾಯಿಗೆ ಕಾನೂನು ಓದಿ ಹೇಳಿ ಕೈತೊಳೆದುಕೊಂಡರೆ ನಾವು ಅವಳಿಗೆ ಮೋಸ ಮಾಡಿದಂತೆ. ಮುಟ್ಟಿನ ಶುಚಿತ್ವವನ್ನು ಹಂತಹಂತವಾಗಿ ಕಲಿಸುವ ವಿಶೇಷ ಶಿಕ್ಷಕಿ, ಉಚಿತ ಪ್ಯಾಡು, ಹಗಲು ಹೊತ್ತಿನ ಆರೈಕೆ ಕೇಂದ್ರ, ಇವುಗಳಿಗೆ ಹಣ ಬೇಕು. ಆ ಹಣ ಇಲ್ಲದಿರುವಾಗ ಮಗಳ ಗರ್ಭಕೋಶವೇ ಉಳಿತಾಯದ ದಾರಿಯಾಗುತ್ತದೆ.

ಸುಪ್ರೀಂ ಕೋರ್ಟ್ 2009ರಲ್ಲಿ ಚಂಡೀಗಢದ ಪ್ರಕರಣವೊಂದರಲ್ಲಿ, ಒಪ್ಪಿಗೆಯಿಲ್ಲದೆ ಕೂಡದು ಎಂಬ ದಿಕ್ಕಿನಲ್ಲೇ ನಡೆಯಿತು. ಸರ್ಕಾರಿ ಸಂಸ್ಥೆಯಲ್ಲಿದ್ದಾಗಲೇ ಅತ್ಯಾಚಾರಕ್ಕೊಳಗಾಗಿ ಗರ್ಭಿಣಿಯಾದ, ಸೌಮ್ಯ ಪ್ರಮಾಣದ ಬುದ್ಧಿಮಾಂದ್ಯತೆಯ ಯುವತಿಯ ಗರ್ಭಪಾತಕ್ಕೆ ಹೈಕೋರ್ಟ್ ಆದೇಶಿಸಿತ್ತು. ಆಕೆ ಮಗು ಬೇಕೆಂದಿದ್ದಳು. ಆಕೆಯ ಒಪ್ಪಿಗೆಯಿಲ್ಲದೆ ಗರ್ಭಪಾತ ಕೂಡದು, ಸಂತಾನದ ಆಯ್ಕೆ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ಸುಪ್ರೀಂ ಕೋರ್ಟ್ ಹೇಳಿತು. ತಿಳುವಳಿಕೆ ಕಡಿಮೆ ಇರುವವರ ಒಪ್ಪಿಗೆಯನ್ನು ಗುರುತಿಸುವುದು ಸುಲಭವೆಂದು ನಾನು ಹೇಳುತ್ತಿಲ್ಲ. ಒಪ್ಪಿಗೆ ಎನ್ನುವುದು ಒಂದೇ ಸಲ ಹೌದು-ಅಲ್ಲ ಎಂದು ಕೇಳಿ ಬರೆದುಕೊಳ್ಳುವ ಮಾತಲ್ಲ. ಅವಳಿಗೆ ಪರಿಚಿತರಾದವರು, ಅವಳಿಂದ ಯಾವ ಲಾಭವನ್ನೂ ನಿರೀಕ್ಷಿಸದವರು, ಬೇರೆ ಬೇರೆ ದಿನಗಳಲ್ಲಿ, ಅವಳಿಗೆ ತಿಳಿಯುವ ಬಗೆಯಲ್ಲಿ ಕೇಳಬೇಕು. 2016ರ ಕಾಯ್ದೆಯ 14ನೇ ಸೆಕ್ಷನ್‌ನ ಸೀಮಿತ ಪೋಷಕತ್ವದ ಕಲ್ಪನೆಯೂ ಅವಳೊಂದಿಗೆ ಸೇರಿ, ಅವಳ ಇಚ್ಛೆಗೆ ತಕ್ಕಂತೆ ತೀರ್ಮಾನಿಸುವುದನ್ನೇ ಹೇಳುತ್ತದೆ. ಅವಳ ಇಚ್ಛೆಯನ್ನು ಕೇಳದೆ ಸೋದರಮಾವನಿಗೆ ಕಟ್ಟಿ ಜವಾಬ್ದಾರಿ ಕಳೆದುಕೊಳ್ಳುವುದು ಕೂಡ ಒಪ್ಪಿಗೆಯಿಲ್ಲದ ಕೃತ್ಯವೇ. “ನಮ್ಮ ಹಿಂದ ಅಕೀನ್ನ ಯಾರು ನೋಡ್ತಾರ್ರಿ” ಎಂಬ ತಾಯಿಯ ಪ್ರಶ್ನೆಗೆ ಮದುವೆ ಉತ್ತರವಾಗಬಾರದು. ಸರ್ಕಾರದ ಆರೈಕೆ ವ್ಯವಸ್ಥೆ ಉತ್ತರವಾಗಬೇಕು.

ಕೊನೆಯದಾಗಿ, ಇಲ್ಲಿ ಕೂತಿರುವ ಕಾರ್ಯಕರ್ತರಿಗೆ ಎರಡು ಮಾತು. ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರಿಗಾಗಿ ಮೀಸಲಿಡುವ ಶೇ 5ರ ಹಣ ವರ್ಷದ ಕೊನೆಯಲ್ಲಿ ಆತುರಾತುರವಾಗಿ ಸಾಧನ-ಸಲಕರಣೆಯ ಖರೀದಿಗೆ ಹೋಗುವುದನ್ನು ನೀವು ಬಲ್ಲಿರಿ. ಈ ಸಲದ ಕ್ರಿಯಾಯೋಜನೆ ತಯಾರಾಗುವ ಮೊದಲೇ ಊರಿನ ಅಂಗವಿಕಲರನ್ನು, ಹೆಣ್ಣುಮಕ್ಕಳನ್ನು ಬೇರೆಯಾಗಿ ಕೂರಿಸಿಕೊಂಡು, ಯಾರಿಗೆ ಶೌಚಾಲಯಕ್ಕೆ ಚಿಲಕ ಬೇಕು, ಯಾರ ಮಲಗುವ ಜಾಗಕ್ಕೆ ಗೋಡೆ ಬೇಕು, ಯಾರಿಗೆ ಆಸ್ಪತ್ರೆಗೆ ಜೊತೆಯಾಗಿ ಹೋಗಲು ಮನೆಯವರಲ್ಲದ ಹೆಣ್ಣುಮಗಳೊಬ್ಬಳು ಬೇಕು ಎಂದು ಕೇಳಿ ಬರೆದುಕೊಳ್ಳಿ. ಮನೆಭೇಟಿಯಲ್ಲಿ ಯುಡಿಐಡಿ ಕಾರ್ಡಿನ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯ) ಬಗ್ಗೆ ವಿಚಾರಿಸುವಾಗ ಅಂಗವಿಕಲ ವ್ಯಕ್ತಿಯೊಂದಿಗೆ ಮನೆಯವರಿಲ್ಲದೆ ಐದು ನಿಮಿಷ ಮಾತಾಡಲು ಅವಕಾಶ ಕೇಳಿ. ಮೊದಲ ಸಲ ಮನೆಯವರು ಮುಖ ಗಂಟಿಕ್ಕಿದರೂ ಎರಡನೆಯ ಸಲ ಒಪ್ಪುತ್ತಾರೆ. ಅಲ್ಲಿ ಕೇಳಿದ್ದನ್ನು ಯಾರ ಮುಂದೆಯೂ ಆಡಬೇಡಿ. ಬೇಡಿಕೆಗಳನ್ನು ಮಾತ್ರ, ಹೆಸರುಗಳಿಲ್ಲದೆ, ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳ ಕಚೇರಿಗೂ ಜಿಲ್ಲಾ ಆಸ್ಪತ್ರೆಗೂ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮುಂದಿನ ಬಜೆಟ್‌ಪೂರ್ವ ಸಭೆಯಲ್ಲಿ ಅಂಕಿ ಕೇಳಿದಾಗ ನಮ್ಮ ಕೈಯಲ್ಲಿ ಆ ಕಾಗದಗಳಿರಬೇಕು.